ಬಾಡಿಲೈನ್ ಗಲಾಟೆ ಮತ್ತು ಒಬ್ಬ ಗವರ್ನರ್

ಬಾಡಿಲೈನ್ ಅಂದರೆ 1932-33ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಕ್ರಿಕೆಟ್ ಸರಣಿಯಲ್ಲಿ ಇಂಗ್ಲೆಂಡಿನ ಬೌಲರ್‌ಗಳು ಬ್ಯಾಟ್ಸ್‌ಮನ್‌ಗಳ ಮೈಗೆ ಗುರಿಯಿಟ್ಟು ಚೆಂಡು ಎಸೆದ ತಂತ್ರ. ಅದರ ಮಾತು ಬಂದ ಕೂಡಲೇ ನಾವೆಲ್ಲ ಇಂಗ್ಲೆಂಡಿನ ನಾಯಕ ಜಾರ್ಡಿನ್, ವೇಗದ ಬೌಲರ್ ಲಾರ್ವುಡ್, ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಬ್ರಾಡ್ಮನ್ ಬಗ್ಗೆ ಮಾತಾಡುತ್ತೇವೆ. ಗವರ್ನರ್ ಅಲೆಕ್ಸಾಂಡರ್ ಹೋರ್-ರುತ್ವೆನ್ ಹೆಸರು ಯಾರೂ ಎತ್ತುವುದಿಲ್ಲ. ಎತ್ತಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಇವರು ಮೊದಲು ಬ್ರಿಟಿಷ್ ಸೈನಿಕ. 1898ರಲ್ಲಿ ಸುಡಾನಿನಲ್ಲಿ, ಗಾಯಗೊಂಡು ಬಿದ್ದಿದ್ದ ಈಜಿಪ್ಟಿನ ಅಧಿಕಾರಿಯೊಬ್ಬನನ್ನು ಎತ್ತಿಕೊಂಡು ಹೊರಟರು. ಶತ್ರುಗಳು ತೀರಾ ಹತ್ತಿರ ಬಂದಾಗಲೆಲ್ಲ ಅವನನ್ನು ಕೆಳಗಿಳಿಸಿ, ಗುಂಡು ಹಾರಿಸಿ ಅವರನ್ನು ತಡೆದು, ಮತ್ತೆ ಎತ್ತಿಕೊಂಡು ನಡೆದರು. ಅದಕ್ಕೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಟರ್ಕಿಯ ಗ್ಯಾಲಿಪೋಲಿಯಲ್ಲಿ ಇವರೇ ಜೋರಾಗಿ ಗಾಯಗೊಂಡರು.

1928ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದರು. 1933ರ ಜನವರಿಯಲ್ಲಿ ಅವರ ರಾಜಧಾನಿ ಅಡಿಲೇಡಿನಲ್ಲೇ ಆಸ್ಟ್ರೇಲಿಯಾ ನಾಯಕ ವುಡ್‌ಫುಲ್ ಎದೆಗೆ ಚೆಂಡು ಬಡಿಯಿತು, ವಿಕೆಟ್‌ಕೀಪರ್ ಓಲ್ಡ್‌ಫೀಲ್ಡ್ ತಲೆಬುರುಡೆ ಬಿರುಕು ಬಿಟ್ಟಿತು. ಇಂಗ್ಲೆಂಡಿನ ಆಟ ಕ್ರೀಡಾ ಮನೋಭಾವಕ್ಕೆ ತಕ್ಕದ್ದಲ್ಲ ಅಂತ ಆಸ್ಟ್ರೇಲಿಯಾ ಕ್ರಿಕೆಟ್ ಮಂಡಳಿ ಇಂಗ್ಲೆಂಡಿಗೆ ತಂತಿ ಕಳಿಸಿತು. ಆಗ ಗವರ್ನರ್ ಇದ್ದದ್ದು ಇಂಗ್ಲೆಂಡಿನಲ್ಲಿ. ಸುಮ್ನೆ ಕೂರಲಿಲ್ಲ. ಬ್ರಿಟಿಷ್ ಮಂತ್ರಿ ಜೆ. ಎಚ್. ಥಾಮಸ್ ಅವರನ್ನು ಕಂಡು, ಈ ಜಗಳದಿಂದ ಎರಡೂ ದೇಶಗಳ ವ್ಯಾಪಾರಕ್ಕೇ ಪೆಟ್ಟು ಬೀಳಬಹುದು ಅಂತ ಹೇಳಿದರು. ಫೆಬ್ರವರಿಯಲ್ಲಿ ಮಂಡಳಿ ತನ್ನ ಆರೋಪದಿಂದ ಹಿಂದೆ ಸರಿಯಿತು, ಸರಣಿ ಉಳಿಯಿತು. ಎಲ್ಲ ಇವರೊಬ್ಬರಿಂದಲೇ ಆಯಿತು ಅಂತಲ್ಲ, ಆದರೆ ಹೊತ್ತಿಗೆ ಸರಿಯಾಗಿ ಮಾತಾಡುವುದೂ ದೊಡ್ಡ ಕೆಲಸವೇ ಅಲ್ವಾ?

ಮುಂದೆ ಲಾರ್ಡ್ ಗೌರಿ ಎಂಬ ಹೆಸರಿನಲ್ಲಿ 1936ರಿಂದ 1945ರವರೆಗೆ ಆಸ್ಟ್ರೇಲಿಯಾದ ಗವರ್ನರ್-ಜನರಲ್ ಆಗಿದ್ದರು. ಆ ಹುದ್ದೆಯಲ್ಲಿ ಇವರಷ್ಟು ವರ್ಷ ಇದ್ದವರು ಬೇರೆ ಯಾರೂ ಇಲ್ಲ. ಆ ಅವಧಿಯಲ್ಲೇ, 1942ರಲ್ಲಿ, ಮಗ ಪ್ಯಾಟ್ರಿಕ್ ಲಿಬಿಯಾದಲ್ಲಿ ಯುದ್ಧದಲ್ಲಿ ಸತ್ತ. ಆದರೂ ಕೆಲಸ ಬಿಡಲಿಲ್ಲ. 1948ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಕ್ರಿಕೆಟ್ ಕ್ಲಬ್ ಎಂಸಿಸಿಯ ಅಧ್ಯಕ್ಷರಾದರು, ಬ್ರಾಡ್ಮನ್ ತಂಡ ಇಂಗ್ಲೆಂಡಿನಲ್ಲಿ ಒಂದೂ ಪಂದ್ಯ ಸೋಲದ ಅದೇ ವರ್ಷ.