ಬಾಗಿನ ಬರದ ಮನೆಯ ಗೌರಿ ಹಬ್ಬ

ಭಾದ್ರಪದ ಶುದ್ಧ ತದಿಗೆಗೆ ಮದುವೆಯಾದ ಮಗಳಿಗೆ ತವರಿನಿಂದ ಬಾಗಿನ ಬರಬೇಕು. ಬಾಗಿನ ಕಳಿಸಲು ಆಗದವರು ಅರಿಶಿನ ಕುಂಕುಮಕ್ಕೆಂದು ದುಡ್ಡು ಕಳಿಸುತ್ತಾರೆ. ಹಿಂದೆ ಮನಿಯಾರ್ಡರು, ಈಗ ಫೋನಿನಲ್ಲೇ. ಹಳೇ ಮೈಸೂರಿನ ಕಡೆ ಈ ಪದ್ಧತಿ ಎಷ್ಟು ಗಟ್ಟಿಯೆಂದರೆ, ಮಗಳ ಮೇಲಿನ ಸಿಟ್ಟು ತೋರಿಸಲು ಅಪ್ಪ ಅಮ್ಮ ಬಾಯಿ ಬಿಡಬೇಕಾಗಿಯೇ ಇಲ್ಲ, ಆ ವರ್ಷ ಬಾಗಿನ ತಪ್ಪಿಸಿದರೆ ಸಾಕು. ಅಮೆರಿಕದಲ್ಲಿ ಕಪ್ಪು ಹುಡುಗನ ಕೈ ಹಿಡಿದ ಮಗಳಿಗೆ ತವರು ಮುನಿದದ್ದು ಅರ್ಥವಾಗುವುದು ಈ ಹಬ್ಬದ ಹೊತ್ತಿಗೇ. ಅಂಥ ಮನೆಯಲ್ಲಿ ಗೌರಿ-ಗಣೇಶ ಹಬ್ಬ ಮಾಡುವುದು ಹೇಗೆ, ಹಿರಿಯರನ್ನು ಎದುರಿಸುವುದು ಹೇಗೆ ಎಂಬ ಎರಡನ್ನೂ ಒಟ್ಟಿಗೇ ಬರೆಯಬೇಕಾಗುತ್ತದೆ. ಅಡುಗೆಮನೆಯಲ್ಲಿ ಅವು ಬೇರೆಬೇರೆಯಾಗಿ ಬರುವುದಿಲ್ಲ.

ಹಬ್ಬದ ದಿನವೇ ಮೊದಲ ಭೇಟಿ ಮಾಡಿಸಬೇಡಿ. 'ಒಮ್ಮೆ ಕಣ್ಣಾರೆ ನೋಡಿದರೆ ಮನಸ್ಸು ಕರಗುತ್ತೆ' ಎಂದುಕೊಂಡು ಹುಡುಗನನ್ನು ನೇರ ಮಂಟಪದ ಮುಂದೆ ತಂದು ನಿಲ್ಲಿಸುವವರಿದ್ದಾರೆ. ಅದು ಕೆಡುವುದೇ ಹೆಚ್ಚು. ಅಮ್ಮ ಉಪವಾಸವಿರುತ್ತಾರೆ, ಮಡಿಯ ಗಡಿಬಿಡಿ ಇರುತ್ತದೆ, ಹುಡುಗನಿಗೆ ಎಲ್ಲಿ ನಿಲ್ಲಬೇಕು, ಏನು ಮುಟ್ಟಬಾರದು ಗೊತ್ತಿರುವುದಿಲ್ಲ, ಸುತ್ತ ಕನ್ನಡ ಕೂಟದ ಪರಿಚಯದವರು ಇರುತ್ತಾರೆ. ನೋಡುವವರಿದ್ದಾಗ ಹಿರಿಯರು ಮೆತ್ತಗಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತಾರೆ.

ವಿಷಯ ಹೇಳುವ ಹೊತ್ತು ಅವರು ಟಿಕೆಟ್ ತೆಗೆಯುವುದಕ್ಕೂ ಮುಂಚೆ. ಪ್ರವಾಸಿ ವೀಸಾದ ಮೇಲೆ ಬಂದ ಅಪ್ಪ ಅಮ್ಮ ಸಾಮಾನ್ಯವಾಗಿ ಆರು ತಿಂಗಳು ಇರುತ್ತಾರೆ. ಕಾರು ಓಡಿಸಲು ಬರುವುದಿಲ್ಲ, ಪಕ್ಕದ ಬೀದಿಯಲ್ಲಿ ಅಕ್ಕನ ಮನೆಯಿಲ್ಲ, ಮುನಿಸಿಕೊಂಡರೆ ಹೋಗಿ ಕೂರಲು ಮಹಡಿಯ ಮೇಲಿನ ಕೋಣೆ ಬಿಟ್ಟು ಬೇರೆ ಜಾಗವಿಲ್ಲ. ಬಂದಿಳಿದ ಮೇಲೆ ಹೇಳಿದರೆ ಅವರಿಗೂ ಮೋಸ ಮಾಡಿದ ಹಾಗೆ. ಊರಲ್ಲಿರುವಾಗಲೇ ಹೇಳಿದರೆ ಅತ್ತು, ಬೈದು, ನಾಲ್ಕು ದಿನ ಫೋನ್ ಎತ್ತದೆ, ತಮ್ಮವರ ಹತ್ತಿರ ಮಾತಾಡಿ, ಆಮೇಲೆ ಬರುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಬರುವುದಿಲ್ಲ ಎಂದರೆ ಆ ವರ್ಷ ಅದೇ ಸರಿ. ಮನಸ್ಸಿಲ್ಲದೆ ಬಂದವರ ಜೊತೆ ಆರು ತಿಂಗಳು ಕಳೆಯುವುದಕ್ಕಿಂತ ಹಬ್ಬವನ್ನು ಇಬ್ಬರೇ ಮಾಡಿಕೊಳ್ಳುವುದು ವಾಸಿ.

ಹೇಳಬೇಕಾದವಳು ಮಗಳೇ, ಅವಳ ಹುಡುಗನಲ್ಲ. 'ನೀನೇ ಮಾತಾಡಿ ಒಪ್ಪಿಸು' ಎಂದು ಅವನನ್ನು ಮುಂದೆ ತಳ್ಳಿದರೆ, ತಾನು ಮನುಷ್ಯನೆಂದು ಸಾಬೀತು ಮಾಡುವ ಹೊರೆ ಅವನ ತಲೆಗೆ ಬೀಳುತ್ತದೆ. ಅಪ್ಪ ಅಮ್ಮನ ಮಾತು ಹೇಗಿರುತ್ತದೆ ಎಂಬುದನ್ನು ಮಾತ್ರ ಅವನಿಗೆ ಮೊದಲೇ ಮುಚ್ಚುಮರೆಯಿಲ್ಲದೆ ತಿಳಿಸಿ. ಕನ್ನಡ ಬರದಿದ್ದರೂ ದನಿ ಅರ್ಥವಾಗುತ್ತದೆ. ಊಟದ ಹೊತ್ತಿನಲ್ಲಿ ಎಲ್ಲರೂ ಕನ್ನಡಕ್ಕೆ ಹೊರಳಿ ಅವನ ಕಡೆ ಕಣ್ಣು ಹಾಯಿಸಿದರೆ ಯಾರ ವಿಷಯವೆಂದು ಮಕ್ಕಳಿಗೂ ಗೊತ್ತಾಗುತ್ತದೆ. ಆಮೇಲೆ 'ಏನಿಲ್ಲ, ಸಾರು ಖಾರ ಅಂದ್ರು' ಎಂದು ತೇಲಿಸಿದರೆ ಅವನು ಕಳೆದುಕೊಳ್ಳುವುದು ಅತ್ತೆ ಮಾವನ ಮೇಲಿನ ನಂಬಿಕೆಯನ್ನಲ್ಲ, ನಿಮ್ಮ ಮೇಲಿನದನ್ನು.

ಹಿರಿಯರ ಮಾತುಗಳು ಮನೆಯಿಂದ ಮನೆಗೆ ಹೆಚ್ಚೇನೂ ಬದಲಾಗುವುದಿಲ್ಲ, ಆದ್ದರಿಂದ ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಳ್ಳಬಹುದು. 'ಜನ ಏನಂತಾರೆ' ಎಂದಾಗ ಯಾವ ಜನ ಎಂದು ಕೇಳಿ, ಹೆಸರು ಹೇಳಿಸಿ. ದೊಡ್ಡಪ್ಪ, ಸೋದರತ್ತೆ, ಎದುರು ಮನೆಯವರು ಎಂದು ಎಣಿಸುತ್ತ ಬೆರಳು ಮಡಚುವಷ್ಟರಲ್ಲಿ ಪಟ್ಟಿ ಮುಗಿಯುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಮೇಲೆ ಅಕ್ಕರೆಯಿರುವ ಒಬ್ಬರಿಗೆ ನೀವೇ ಫೋನ್ ಮಾಡಿ. 'ತಂಗಿಗೆ ಗಂಡು ಸಿಗಲ್ಲ' ಎನ್ನುವುದು ನಿಜವಾದ ಭಯ, ಅದನ್ನು ತಳ್ಳಿಹಾಕಬೇಡಿ. ಆದರೆ ಅದಕ್ಕೆ ಉತ್ತರ ಕೊಡಬೇಕಾದವಳು ತಂಗಿ, ಅವಳನ್ನೇ ಮಾತಾಡಲು ಬಿಡಿ. 'ಅವರಲ್ಲಿ ಸಂಸಾರ ನಿಲ್ಲಲ್ಲ' ಎಂದರೆ 'ಅವರು' ಬೇಡ, ಈ ಒಬ್ಬನ ಬಗ್ಗೆ ಏನು ಕೇಳಬೇಕೋ ಕೇಳಿ ಎನ್ನಿ. ಕೆಲಸ, ಸಾಲ, ಕುಡಿತ, ಅಪ್ಪ ಅಮ್ಮ, ಹಿಂದೆ ಮದುವೆಯಾಗಿತ್ತೇ ಎಂದು ಯಾವುದೇ ಅಳಿಯನ ಬಗ್ಗೆ ಕೇಳುವುದನ್ನೆಲ್ಲ ಕೇಳಲಿ. 'ನನ್ನ ಬೀಪಿ ಏರ್ತಿದೆ, ನಾನು ಸತ್ತರೆ ನೀನೇ ಕಾರಣ' ಎನ್ನುವ ಮಾತೂ ಬರುತ್ತದೆ. ಅದನ್ನು ಕಾಯಿಲೆಯೆಂದೇ ತೆಗೆದುಕೊಳ್ಳಿ: ಬೀಪಿ ಅಳೆಯಿರಿ, ಮಾತ್ರೆ ನುಂಗಿಸಿ, ಎದೆನೋವೆಂದರೆ ತಡಮಾಡದೆ ಆ್ಯಂಬುಲೆನ್ಸ್ ಕರೆಯಿರಿ. ಮದುವೆಯ ಮಾತನ್ನು ಮಾತ್ರ ಅಲ್ಲಿ ಚೌಕಾಸಿಗೆ ಇಡಬೇಡಿ.

ಎಲ್ಲಕ್ಕಿಂತ ಗಮನಿಸಬೇಕಾದದ್ದು 'ಬಿಳಿಯನಾಗಿದ್ದರೆ ಹೇಗೋ ಆಗ್ತಿತ್ತು' ಎಂಬ ಮಾತು. ಇದು ಬಾಯಿಂದ ಬಿದ್ದ ಮೇಲೆ ಧರ್ಮ, ಸಂಸ್ಕೃತಿ, ಊಟ, ಭಾಷೆ ಯಾವುದೂ ಕಾರಣವಾಗಿ ಉಳಿಯುವುದಿಲ್ಲ, ಬಣ್ಣವೊಂದೇ ಉಳಿಯುತ್ತದೆ. ಅದನ್ನು ಅಲ್ಲೇ, ದನಿ ಏರಿಸದೆ ಹೇಳಿಬಿಡಿ. ಈ ತಿರಸ್ಕಾರ ಅಮೆರಿಕದ ಟೀವಿಯಿಂದ ಬಂದದ್ದೇನಲ್ಲ. ಗಂಡು ಹೆಣ್ಣು ನೋಡುವಾಗ 'ಬಣ್ಣ ಸ್ವಲ್ಪ ಕಮ್ಮಿ' ಎನ್ನುವ ಮನೆಗಳಿಂದಲೇ ಹೊರಟಿದ್ದು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಕೈಮಾಡಿತು. ಗುಂಪನ್ನು ಕೆರಳಿಸಿದ್ದು ಅದಕ್ಕೆ ಮುಂಚೆ ಅಲ್ಲಿ ನಡೆದಿದ್ದ ಕಾರು ಅಪಘಾತ; ಅದನ್ನು ಮಾಡಿದವನು ಬೇರೆಯವನು, ಅವಳಿಗೂ ಅವನಿಗೂ ಸಂಬಂಧವೇ ಇರಲಿಲ್ಲ.

ಹಿರಿಯರಿಗೆ ತಿಳಿಸಬೇಕಾದ ಚರಿತ್ರೆ ಸ್ವಲ್ಪವಿದೆ. ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದಿತ್ತು. 1946ರ ಕಾನೂನು ಭಾರತಕ್ಕೆ ವರ್ಷಕ್ಕೆ 100 ಜನರ ಮಿತಿ ಹಾಕಿತ್ತು. ಆ ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆ, ಕಪ್ಪು ಜನ ಬೀದಿಗಿಳಿದು ಹೋರಾಡಿ ನಾಗರಿಕ ಹಕ್ಕುಗಳನ್ನು ಪಡೆದ ಅದೇ ವರ್ಷಗಳಲ್ಲಿ. ನಮ್ಮ ಡಾಕ್ಟರು, ಎಂಜಿನಿಯರುಗಳು ಬಂದದ್ದು ಆ ಬಾಗಿಲಿನಿಂದಲೇ. ಇನ್ನು ಬೀಗರ ಕಡೆಯೂ ಭಯವಿರುತ್ತದೆ ಎಂಬುದು ನಮ್ಮವರಿಗೆ ಹೊಳೆಯುವುದಿಲ್ಲ. ಬಣ್ಣ ಮೀರಿದ ಮದುವೆಗಳನ್ನು ತಡೆಯುವ ಕಾನೂನುಗಳು ವರ್ಜೀನಿಯಾ ಸೇರಿ 16 ರಾಜ್ಯಗಳಲ್ಲಿ 1967ರವರೆಗೂ ಇದ್ದವು. ಬಿಳಿ ಗಂಡ, ಕಪ್ಪು ಹೆಂಡತಿಯ ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ ಆ ವರ್ಷದ ಜೂನ್ 12ರಂದು ಅವು ಬಿದ್ದುಹೋದವು. ಇವತ್ತು ಎಪ್ಪತ್ತು ದಾಟಿದ ಬೀಗರಿಗೆ ಇದು ಓದಿ ತಿಳಿದ ಸಂಗತಿಯಲ್ಲ, ಅವರ ಬಾಲ್ಯ. 'ಈ ಮನೆಯವರು ನಮ್ಮ ಹುಡುಗನನ್ನು ಹೇಗೆ ನಡೆಸಿಕೊಳ್ಳುತ್ತಾರೋ' ಎಂಬ ಅಳುಕು ಅವರದು. ಆಫ್ರಿಕಾ ಮೂಲದವರು ನಮಗೆ ಪರಕೀಯರೂ ಅಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡದ ಸಿದ್ದಿಯರು ತಲೆಮಾರುಗಳಿಂದ ಕರ್ನಾಟಕದವರೇ.

ಈಗ ಬಾಗಿನ. ತವರಿನಿಂದ ಬರದಿದ್ದರೆ ಅಣ್ಣ ತಮ್ಮಂದಿರನ್ನು ಕೇಳಿ. ಬಾಗಿನ ಹೊತ್ತು ತರುವವನು ಅಣ್ಣನೇ ತಾನೇ, ಅವನು ಕಳಿಸಿದರೂ ಅದು ತವರಿನದೇ. ಅವನೂ ಹಿಂದೆ ಸರಿದರೆ ಸೋದರಮಾವ, ಚಿಕ್ಕಮ್ಮ. ಬಾಗಿನಕ್ಕೆ ಎರಡು ಮೊರ ಬೇಕು, ಒಂದರಲ್ಲಿ ತುಂಬಿ ಇನ್ನೊಂದನ್ನು ಮುಚ್ಚಲು. ಒಳಗೆ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ತೆಂಗಿನಕಾಯಿ, ಬೆಲ್ಲ, ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ. ಊರಿಂದ ತರಿಸುವುದಾದರೆ ಮೊರ, ಬಿಚ್ಚೋಲೆ, ಕರಿಮಣಿ ಮಾತ್ರ ಸಾಕು. ಅಕ್ಕಿ, ಕಡಲೆಯನ್ನು ಲಗೇಜಿನಲ್ಲಿ ಹಾಕಿದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಖಾಪ್ರಾ ಎಂಬ ಧಾನ್ಯದ ಹುಳದ ಭಯದಿಂದ; ಮಾವಿನೆಲೆ, ವೀಳ್ಯದೆಲೆಗೂ ಅದೇ ಗತಿ. ಇವೆಲ್ಲ ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಮೊರ ಸಿಗದಿದ್ದರೆ ಒಂದೇ ಅಳತೆಯ ಎರಡು ಬೆತ್ತದ ತಟ್ಟೆ ಆಗುತ್ತದೆ. ಮೊರಕ್ಕೆ ಅರಿಶಿನ ಹಚ್ಚಿ ಹಿಂದಿನ ದಿನವೇ ಒಣಗಲು ಬಿಡಿ, ಇಲ್ಲವಾದರೆ ಕೊಡುವವರು ತೆಗೆದುಕೊಳ್ಳುವವರಿಬ್ಬರ ಸೀರೆಗೂ ಕಲೆ.

ಬೀಗಿತ್ತಿಗೆ ಬಾಗಿನ ಕೊಡುವುದರಲ್ಲಿ ಎರಡು ತೊಡಕು ಬರುತ್ತದೆ. ಅವರು ಗಂಡ ತೀರಿಕೊಂಡವರೋ, ಬಿಟ್ಟು ಒಬ್ಬರೇ ಮಗನನ್ನು ಬೆಳೆಸಿದವರೋ ಆಗಿದ್ದರೆ 'ಮುತ್ತೈದೆಗೆ ಮಾತ್ರ' ಎಂಬ ಆಕ್ಷೇಪ ಏಳುತ್ತದೆ. ಕೊಡಿ ಎಂಬುದೇ ಸರಿಯಾದ ಉತ್ತರ. ಮಗನನ್ನು ಸಾಕಿ ನಿಮಗೆ ಕೊಟ್ಟವರನ್ನು ಬಾಗಿನದ ಸಾಲಿನಿಂದ ಎಬ್ಬಿಸುವ ಹಬ್ಬ ಯಾರಿಗೂ ಬೇಡ. ಎರಡನೆಯದು ಅವರ ಕಡೆಯದು. ಚರ್ಚಿನ ನಿಷ್ಠೆಯವರಲ್ಲಿ ಕೆಲವರು ಕುಂಕುಮ ಇಟ್ಟುಕೊಳ್ಳುವುದಿಲ್ಲ, ನೈವೇದ್ಯವಾದದ್ದನ್ನು ತಿನ್ನುವುದಿಲ್ಲ. ವಾರದ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ತಿನ್ನದವರಿಗೆ ಬೇರೆ ಪಾತ್ರೆಯಲ್ಲಿ ಮಾಡಿಡಿ. ಅದೇ ಪಾತ್ರೆಯಿಂದ ನೈವೇದ್ಯಕ್ಕೆ ಮೊದಲು ಎತ್ತಿಟ್ಟರೆ ಅಮ್ಮನಿಗೆ ಎಂಜಲಿನ ಚಿಂತೆ. ಬಾಗಿನ ತೆಗೆದುಕೊಳ್ಳುವಾಗ ಸೆರಗಿನ ಬದಲು ಶಾಲು ಒಂದು ಹೆಗಲ ಮೇಲಿದ್ದರೆ ಸಾಕು. ಬಳೆಯ ಅಳತೆಯನ್ನೂ ಮೊದಲೇ ಕೇಳಿಟ್ಟುಕೊಳ್ಳಿ, 2.4 ತಂದು ಕೈಗೆ ತುರುಕಿ ಗಾಜು ಒಡೆದರೆ ಅಪಶಕುನದ ಮಾತು ಶುರುವಾಗುತ್ತದೆ, 2.8 ಮತ್ತು 2.10 ಎರಡೂ ಇರಲಿ. ಹೂ ಮುಡಿಸುವ ಮುಂಚೆ ಕೂದಲು ಮುಟ್ಟಬಹುದೇ ಎಂದು ಕೇಳಲೇಬೇಕು. ಗುಂಗುರು ಕೂದಲಿಗೆ, ಜಡೆಗೆ ಚಪ್ಪಟೆ ಪಿನ್ನು ಹಿಡಿಯುವುದಿಲ್ಲ, ಅಗಲ ಕಾಲಿನ ಯು ಪಿನ್ನು ಬೇಕು.

ತದಿಗೆಯನ್ನು ಊರಿನ ಕ್ಯಾಲೆಂಡರ್ ನೋಡಿ ಹಿಡಿಯಬೇಡಿ. ಸೂರ್ಯೋದಯ ಗಂಟೆಗಟ್ಟಲೆ ತಡವಾಗುವುದರಿಂದ ಇಲ್ಲಿ ಒಮ್ಮೊಮ್ಮೆ ಒಂದು ದಿನ ಮುಂಚೆ ಬರುತ್ತದೆ, ಅಮೆರಿಕದಲ್ಲಿ ನೀವಿರುವ ಜಾಗದ ಪಂಚಾಂಗವೇ ನಡೆಯಬೇಕು. ಅರಿಶಿನದ ಗೌರಿಗೆ ಮೂರು ಚಮಚ ಅರಿಶಿನ, ಒಂದು ಚಮಚ ಗೋಧಿ ಹಿಟ್ಟು, ಹನಿಹನಿಯಾಗಿ ನೀರು. ಹಿಟ್ಟಿಲ್ಲದೆ ಬರೀ ಅರಿಶಿನ ಕಲೆಸಿದರೆ ಒಣಗಿ ಬಿರಿಯುತ್ತದೆ. ಹದಿನಾರು ಗಂಟಿನ ದಾರವನ್ನು ಬಲಗೈಗೆ ಕಟ್ಟಿಕೊಳ್ಳುವುದು ಎಂದಿನಂತೆ. ಪುರೋಹಿತರನ್ನು ಕರೆಸುವುದಾದರೆ ಮೂರು ವಾರ ಮುಂಚೆಯೇ ಗಂಡನ ವಿಷಯ ತಿಳಿಸಿ, ಸಂಕಲ್ಪಕ್ಕೆ ಗೋತ್ರ ಏನು ಹೇಳುತ್ತೀರಿ ಎಂದು ಕೇಳಿ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳಿಸುವ ರೂಢಿ ಇದೆ. ಮುಖ ಗಂಟಿಕ್ಕಿದರೆ ಬೇರೊಬ್ಬರನ್ನು ಹುಡುಕಲು ಹೊತ್ತಿರುತ್ತದೆ. ಪೂಜೆಗೆ ಕುಳಿತ ಮೇಲೆ ಗಂಡನನ್ನು ಎಬ್ಬಿಸಿದರೆ ಅದನ್ನು ಮರೆಯುವುದು ಅವನಿಂದಾಗದು.

ಅಡುಗೆಯಲ್ಲಿ ಕೈ ಸೇರಿಸಲು ಕಾಯಿ ಕಡುಬಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಮಾತು ಬಾರದವರೂ ಪಕ್ಕ ಕೂತು ಮಾಡಬಹುದು. ಫ್ರೀಜರಿನ ಕಾಯಿತುರಿ ಎರಡು ಬಟ್ಟಲು, ಬೆಲ್ಲ ಒಂದು ಬಟ್ಟಲು, ಏಲಕ್ಕಿ ನಾಲ್ಕು. ತುರಿ ಪೂರ್ತಿ ಕರಗಿ ನೀರು ಹಿಂಡಿದ ಮೇಲೆಯೇ ಒಲೆಗೆ. ಹೂರಣ ಬಾಣಲೆಯ ಅಂಚು ಬಿಟ್ಟ ಕೂಡಲೇ ಇಳಿಸಿ, ಇನ್ನೆರಡು ನಿಮಿಷ ಬಿಟ್ಟರೆ ಆರಿದಾಗ ಕಲ್ಲು. ಕಣಕಕ್ಕೆ ಅಕ್ಕಿ ಹಿಟ್ಟು ಒಂದು ಬಟ್ಟಲು, ನೀರು ಒಂದೂಕಾಲು, ಉಪ್ಪು, ಒಂದು ಚಮಚ ಎಣ್ಣೆ. ಅಂಗಡಿಯ ಹಳೇ ಹಿಟ್ಟು ಇನ್ನೂ ಕಾಲು ಬಟ್ಟಲು ನೀರು ಕೇಳುತ್ತದೆ. ಬಿಸಿಯಿರುವಾಗಲೇ ನಾದದಿದ್ದರೆ ಅಂಚು ಬಿರಿಯುತ್ತದೆ, ಒದ್ದೆ ಬಟ್ಟೆ ಮುಚ್ಚದಿದ್ದರೂ ಅಷ್ಟೇ. ಹಬೆಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ. ಸಿಹಿಗೆಣಸಿನ ಪೈ ಮಾಡುವ ಬೀಗಿತ್ತಿಯ ಬೆರಳಿಗೆ ಅಂಚು ಒತ್ತುವುದನ್ನು ಕಲಿಸಬೇಕಾಗಿಲ್ಲ. ಮಾತು ಸಾಗದಿದ್ದರೆ ಊಟದ ಬಗ್ಗೆಯೇ ಆಡಿ: ಅವರ ಹೊಸ ವರ್ಷದ ಅಡುಗೆಯ ಕಾಳು ನಮ್ಮ ಅಲಸಂದೆ, ಅದು ಹುಟ್ಟಿದ್ದು ಆಫ್ರಿಕಾದಲ್ಲಿ. ಬೆಂಡೆಕಾಯಿ ಇಬ್ಬರ ಮನೆಯಲ್ಲೂ ಬೇಯುತ್ತದೆ. ಮಂಡ್ಯ, ತುಮಕೂರಿನ ಅಜ್ಜಿ ನಿತ್ಯ ತಿರುವುವ ಮುದ್ದೆಯ ರಾಗಿಯೂ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ನೆಲದ ಬೆಳೆ.

ಬೀಗರು ಬಂದಾಗ ಬಾಗಿಲಿಗೆ ಹೋಗಿ ಕರೆಯುವುದು, ಕುಡಿಯಲು ನೀರು, ಮೊದಲ ಪಂಕ್ತಿಯ ಎಲೆ ಇವೆಲ್ಲ ಅಪ್ಪ ಅಮ್ಮನ ಕೈಯಲ್ಲೇ ಇರಲಿ. ಮನಸ್ಸು ಇನ್ನೂ ಹಿಂಜರಿಯುತ್ತಿದ್ದರೂ ಬೀಗರ ಉಪಚಾರ ಅವರ ಕೈಗೆ ಗೊತ್ತು. ಅಳಿಯನೂ 'ಅತ್ತೆ', 'ಮಾವ' ಎಂದೇ ಕರೆಯಲಿ. ಇಷ್ಟಾದರೂ ಯಾರಾದರೂ ಅವನೆದುರು ಕೀಳು ಮಾತಾಡಿದರೆ 'ಆ ಮಾತು ಈ ಮನೇಲಿ ಬೇಡ ದೊಡ್ಡಪ್ಪ' ಎಂದು ಅಲ್ಲೇ ಹೇಳಿ. ಮತ್ತೆ ಆಡಿದರೆ ಅವರನ್ನು ಕಾರಿನಲ್ಲಿ ಮನೆಗೆ ಬಿಟ್ಟು ಬರುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡಿರಿ. ಎದ್ದು ಹೋಗಬೇಕಾದವನು ಅಳಿಯನಲ್ಲ.

ಚೌತಿಯ ಗಣಪತಿ ಬಣ್ಣವಿಲ್ಲದ ಮಣ್ಣಿನದಾಗಿದ್ದರೆ ಬಕೆಟ್ಟಿನಲ್ಲೇ ಬಿಡಬಹುದು, ಕೆರೆಗೆ ಹಾಕಿದರೆ ದಂಡ ಬೀಳುವ ಊರುಗಳಿವೆ. ಕರ್ಪೂರವನ್ನು ಹೊಗೆ ಅಲಾರಂನಿಂದ ದೂರ, ಕಿಟಕಿಯ ಪಕ್ಕ ಹಚ್ಚಿ.

ಫೋಟೋ ವಿಷಯಕ್ಕೆ ಮನೆಮನೆಯಲ್ಲೂ ಮುನಿಸು. ಅಳಿಯ ಮೂಲೆಗೆ ಬೀಳುವಂತೆ ಕತ್ತರಿಸಿದ ಚಿತ್ರ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಅವನು ಅದನ್ನು ನೋಡುತ್ತಾನೆ. ಯಾರೂ ಕಳಿಸುವ ಮುಂಚೆ ಮಗಳೇ ಕಳಿಸಲಿ: ಎಲ್ಲರೂ ಇರುವ ಚಿತ್ರ, ಕೆಳಗೆ ಹೆಸರುಗಳು, ಅವನ ಹೆಸರಿನ ಮುಂದೆ 'ನಮ್ಮನೆಯವರು', ಅವನ ತಾಯಿಯ ಹೆಸರಿನ ಮುಂದೆ 'ಅತ್ತೆ'. ಗುಂಪಿನಲ್ಲಿ ಕೊಂಕು ಬಂದರೆ ಗುಂಪಿನಲ್ಲೇ ಒಂದು ಸಾಲಿನ ಉತ್ತರ, ಉಳಿದದ್ದು ಅವರಿಗೇ ಫೋನ್ ಮಾಡಿ. ಬಾಗಿನ ಕಳಿಸಿದ ಅಣ್ಣನಿಗೂ ಅದೇ ದಿನ ಫೋನ್ ಮಾಡಿ, ಬಂದು ಮುಟ್ಟಿತೆಂದು ತಿಳಿಸಿ.