ಸದ್ದಿಲ್ಲದ ಇಂಜಿನ್ನು ನನ್ನ ಮೂರು ಸಲ ಮಂಗ್ಯಾ ಮಾಡಿತ್ತು

ಪುಣೆದಾಗ ಕಾತ್ರಜ್ ಹತ್ರ ನಂದೊಂದು ಸಣ್ಣ ಗ್ಯಾರೇಜ್ ಐತಿ, ಒಂದು ಲಿಫ್ಟು, ಒಂದು ಸ್ಕ್ಯಾನರು, ಕೈಯಾಗ ಇಬ್ಬರು ಹುಡುಗೂರು. 14 ವರ್ಷದಾಗ ಮಿಸ್ಸಿಂಗ್ ಹೊಡಿಯೂ, ಅಂದ್ರ ಸಿಲಿಂಡರ್ ಒಳಗ ಇಂಧನ ಸರಿ ಸುಡದ ನಡುಗೂ ಗಾಡಿ ಎಷ್ಟು ಬಂದು ಹೋದ್ವೋ ಲೆಕ್ಕಾ ಇಟ್ಟಿಲ್ಲ. ಬಹಳಷ್ಟಕ್ಕ ಕಿಡಿ ಹಾರಿಸೂ ಪ್ಲಗ್ಗು ಇಲ್ಲಾ ಅದಕ್ಕ ಕರೆಂಟ್ ಕೊಡೂ ಕಾಯಿಲ್ ಬದಲಿ ಮಾಡಿದ್ರ ಕೆಲಸ ಮುಗೀತು, ಅದೇ ರೂಢಿ ಬಿದ್ದು ಈಗ ಗಾಡಿ ನಡುಗೂದು ಕಂಡ್ರ ಸಾಕು ಕೈ ತಾನ ಪ್ಲಗ್ ಸ್ಪ್ಯಾನರ್ ಕಡೆ ಹೋಗಿಬಿಡ್ತೈತಿ. ಹೋದ ಮಳಿಗಾಲದಾಗ ಆ ರೂಢೀನ ನನಗ ಹೊಡೆತ ಕೊಟ್ಟಿತು.

ಗಾಡಿ ನಮ್ಮ ಇಂಡಿ ಕಡೀ ಹುಡುಗಂದು. ಇಲ್ಲೇ ಕ್ಯಾಬ್ ಓಡಸ್ತಾನ, ಮುಂಬೈ ಏರ್‌ಪೋರ್ಟಿಗೆ ವಾರಕ್ಕ ನಾಕೈದು ಟ್ರಿಪ್. ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡಿ, ಹೊರಗ ಹಾಕಿಸಿದ ಸಿಎನ್‌ಜಿ ಕಿಟ್ಟು, ಮೀಟರ್ 1 ಲಕ್ಷ 30 ಸಾವಿರ ದಾಟಿತ್ತು. "ಅಣ್ಣಾ, ನಿಂತಾಗ ಗಾಡಿ ನಡಗ್ತೈತಿ, ಸ್ಟೇರಿಂಗ್ ಹಿಡಿದ್ರ ಕೈಗೆ ಜುಮ್ ಅಂತೈತಿ, ಆದ್ರ ಒಮ್ಮೊಮ್ಮೆ ಅಷ್ಟ. ಘಾಟ್ ಹತ್ತಿ ಲೋಣಾವಳಾದಾಗ ಚಾ ಕುಡಿಯಾಕ ನಿಲ್ಲಿಸಿದ್ರ ಭಾಳ, ಚಾ ಕುಡಿದು ಬರೂದ್ರಾಗ ಏನೂ ಇಲ್ಲ" ಅಂದ. ಆ ಮಾತು ಕಿವಿಗೆ ಬಿತ್ತು, ತಲಿಗೆ ಹೋಗಲಿಲ್ಲ. ನಾನು ಆವಾಗ್ಲೇ ಬಾನೆಟ್ ಎತ್ತಾಕತ್ತಿದ್ದೆ.

ಸ್ಕ್ಯಾನರ್ ಹಾಕಿದ್ರ ಕೋಡ್ ಪಿ0303, ಅಂದ್ರ ಮೂರನೇ ಸಿಲಿಂಡರ್‌ದಾಗ ಮಿಸ್‌ಫೈರ್. ಪ್ಲಗ್ ಬಿಚ್ಚಿ ನೋಡಿದೆ, ಗ್ಯಾಪ್ ಸವೆದು ಅಗಲಾಗಿತ್ತು. ಸಿಎನ್‌ಜಿ ಗಾಡಿಗೆ ಇದು ಸಾಮಾನ್ಯ, ಗ್ಯಾಸ್‌ನಾಗ ಕಿಡಿ ಹಾರಬೇಕಂದ್ರ ಪೆಟ್ರೋಲ್‌ಗಿಂತ ಹೆಚ್ಚಿಗಿ ವೋಲ್ಟೇಜ್ ಬೇಕು, ಪ್ಲಗ್ ಸವೆದಿದ್ರ ಇಲ್ಲಾ ಕಾಯಿಲ್ ವೀಕ್ ಇದ್ರ ಪೆಟ್ರೋಲ್‌ದಾಗ ಗೊತ್ತಾಗಂಗಿಲ್ಲ, ಗ್ಯಾಸಿಗೆ ಹಾಕಿದ ಕೂಡ್ಲೆ ಗೊತ್ತಾಗ್ತೈತಿ. ನಾಲ್ಕೂ ಪ್ಲಗ್ ಹೊಸಾವು ಹಾಕಿ, ಥ್ರಾಟಲ್ ಬಾಡಿ ತೊಳೆದು ಕಳಿಸಿದೆ. ಆರು ದಿನಕ್ಕ ಹೊಳ್ಳಿ ಬಂದ.

ಎರಡನೇ ಸಲ ಮೂರನೇ ಸಿಲಿಂಡರಿನ ಕಾಯಿಲ್ ಹೊಸದು ಹಾಕಿದೆ. ಇಲ್ಲಿ ನಂದ ಶುದ್ಧ ತಪ್ಪು. ಮೂರನೇದ್ರ ಕಾಯಿಲ್ ಎರಡಕ್ಕ, ಎರಡನೇದ್ದು ಮೂರಕ್ಕ ಹಾಕಿ ಕಳಿಸಿದ್ರ ಒಂದು ರೂಪಾಯಿ ಖರ್ಚಿಲ್ಲದ ಗೊತ್ತಾಗ್ತಿತ್ತು, ಕೋಡ್ ಪಿ0302 ಆದ್ರ ಕಾಯಿಲ್ ಕಳ್ಳ, ಪಿ0303 ಆಗೇ ಉಳಿದ್ರ ಅಲ್ಲ. ಹುಡುಗೂರಿಗೆ ನಾನ ಹೇಳಿಕೊಟ್ಟ ಪಾಠ ಇದು. ಆದ್ರ ಅವತ್ತು ಅವನಿಗೆ ಟ್ರಿಪ್ ಇತ್ತು, ಹೊರಗ ಜೋರು ಮಳಿ, ನಾನಾ ಪೇಟ್‌ದಿಂದ ಕಾಯಿಲ್ ತರಿಸಿಯಾಗಿತ್ತು, ಹಾಕಿಬಿಟ್ಟೆ.

ಮೂರನೇ ಸಲ ಬಂದಾಗ ಚೆಕ್ ಲೈಟ್ ಒಮ್ಮೊಮ್ಮೆ ಮಿಣಮಿಣ ಅಂತೈತಿ ಅಂದ. ಲೈಟ್ ಸುಮ್ನ ಹತ್ತಿಕೊಂಡಿದ್ರ ಒಂದು ಮಾತು, ಮಿಣುಕಾಕತ್ತಿದ್ರ ಬ್ಯಾರೆ ಮಾತು. ಸುಡದ ಇಂಧನ ಸೈಲೆನ್ಸರ್ ಕಡೆ ಹೋಗಿ ಹೊಗಿ ಶುದ್ಧ ಮಾಡೂ ಕ್ಯಾಟಲಿಟಿಕ್ ಕನ್ವರ್ಟರ್ ಒಳಗ ಸುಟ್ಟು ಅದನ್ನ ಹಾಳ ಮಾಡೂ ಮಟ್ಟಕ್ಕ ಬಂದಾಗ ಹಂಗ ಮಿಣುಕತೈತಿ. ಕನ್ವರ್ಟರ್ ಹೋದ್ರ ಕ್ಯಾಬ್ ಓಡಸಾಂವನ ಒಂದು ತಿಂಗಳ ದುಡಿಮಿನೂ ಸಾಲೂದಿಲ್ಲ. ಆವಾಗ ನನಗೂ ಅಂಜಿಕಿ ಬಂತು.

ಲೈವ್ ಡೇಟಾ ತಗದು ನೋಡಿದೆ. ಗಾಡಿ ನಡುಗೂ ಹೊತ್ತಿಗೆ ಫ್ಯೂಯಲ್ ಟ್ರಿಮ್ (ಇಂಧನ ಹೆಚ್ಚು ಕಡಿಮಿ ಮಾಡೂ ಲೆಕ್ಕಾ) ಪ್ಲಸ್ ಕಡೆ ಏರಾಕತ್ತಿತ್ತು, ಅಂದ್ರ ಗಾಳಿ ಹೆಚ್ಚಿಗಿ, ಇಂಧನ ಕಡಿಮಿ ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ತಿಳ್ಕೊಂಡು ಇಂಧನ ಹೆಚ್ಚು ಮಾಡಾಕತ್ತೈತಿ. ಸಿಕ್ಕಿತು, ವ್ಯಾಕ್ಯೂಮ್ ಲೀಕು, ಎಲ್ಲೋ ಸಂದಿನಿಂದ ಗಾಳಿ ಒಳಗ ಹೊಂಟೈತಿ ಅಂತ ಖುಷಿಯಿಂದ ಇನ್‌ಟೇಕ್ ಪೈಪು, ಪಿಸಿವಿ ಹೋಸು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟು ಎಲ್ಲಾ ಹೊಗಿ ಬಿಟ್ಟು ನೋಡಿದೆ, ಎಲ್ಲೂ ಒಂದು ಎಳಿ ಹೊಗಿ ಬರಲಿಲ್ಲ. ಒಂದು ಇಡೀ ದಿನ ಹೋತು. ರಾತ್ರಿ ಊಟಕ್ಕ ಕುಂತಾಗ ಹೊಳೀತು. ಸಿಲಿಂಡರ್ ಮಿಸ್ ಹೊಡೆದ್ರ ಅದರೊಳಗಿನ ಆಕ್ಸಿಜನ್ ಸುಡದ ಹಂಗ ಹೊರಗ ಹೋಗ್ತೈತಿ, ಸೆನ್ಸರ್ ಅದನ್ನ ನೋಡಿ ಗಾಳಿ ಜಾಸ್ತಿ ಅಂತ ಹೇಳ್ತೈತಿ. ಟ್ರಿಮ್ ಏರಿದ್ದಕ್ಕ ಮಿಸ್ಸಿಂಗ್ ಬಂದಿಲ್ಲ, ಮಿಸ್ಸಿಂಗ್ ಬಂದದ್ದಕ್ಕ ಟ್ರಿಮ್ ಏರೈತಿ. ನಾನು ಹೊಗಿ ನೋಡಿ ಬೆಂಕಿ ಹುಡುಕೂ ಬದ್ಲಿ ಹೊಗಿನ ಹಿಡಿಯಾಕ ಹೋಗಿದ್ದೆ.

ಮರುದಿನ ಕಾಯಿಲ್, ಪ್ಲಗ್, ಇಂಜೆಕ್ಟರ್ ಮೂರನ್ನೂ ಅದಲು ಬದಲು ಮಾಡಿದೆ, ಕೋಡ್ ಮೂರನೇ ಸಿಲಿಂಡರ್ ಬಿಟ್ಟು ಅಲುಗಲಿಲ್ಲ. ಪೆಟ್ರೋಲ್‌ಗೆ ಹಾಕಿದ್ರೂ ಅದ. ಅಂದ್ರ ಕಿಡಿ ಅಲ್ಲ, ಇಂಧನ ಅಲ್ಲ. ಉಳಿದದ್ದು ಕಂಪ್ರೆಷನ್, ಸಿಲಿಂಡರ್ ಒಳಗ ಗಾಳಿ ಒತ್ತೂ ಜೋರು. ಅದನ್ನೂ ಇನ್ನೊಂದು ದಿನ ಮುಂಜಾನೆ ಅಳೆದೆ, ಮೂರನೇದ್ರಾಗ 165 ಪಿಎಸ್‌ಐ, ಉಳಿದವು 170ರ ಆಸುಪಾಸು. ಚೊಕ್ಕ ಐತಿ. ಗಾಡಿ ರಾತ್ರಿಪೂರ್ತಿ ನಿಂತು ತಣ್ಣಗಾಗಿತ್ತು ಅನ್ನೂದು ಮಾತ್ರ ತಲ್ಯಾಗ ಬರಲಿಲ್ಲ.

ನನ್ನ ಹತ್ರ ಕೆಲಸ ಮಾಡೂ ಮರಾಠಿ ಹುಡುಗ ಆವಾಗ ಒಂದು ಮಾತಂದ. "ಶೇಠ್, ಇಂಜಿನ್ ತರ ಏಕ್ದಮ್ ಶಾಂತ್ ಆಹೇ." ಇಂಜಿನ್ನು ಭಾಳ ಸುಮ್ಮಗೈತಿ ಅಂತ. ಅವ ಮೆಚ್ಚಿ ಹೇಳಿದ್ದು. ಖರೇನೂ ಹಂಗ ಇತ್ತು, ಇಷ್ಟು ಓಡಿದ ಗಾಡಿ, ಹೈಡ್ರಾಲಿಕ್ ಅಲ್ಲದ, ಅಂದ್ರ ಸಂದು ತಾನ ಸರಿ ಮಾಡ್ಕೊಳ್ಳದ ಟ್ಯಾಪೆಟ್ಟು (ವಾಲ್ವ್ ಒತ್ತೂ ಸಾಮಾನು), ಸ್ವಲ್ಪಾದ್ರೂ ಟಿಕ್ ಟಿಕ್ ಅನ್ನಬೇಕಲ್ಲ? ನಾವು ಯಾವಾಗ್ಲೂ ಸದ್ದು ಹುಡುಕತೇವಿ, ಸದ್ದಿಲ್ಲಂದ್ರ ಚಲೋ ಐತಿ ಅಂತ ಮುಂದ ಹೋಗ್ತೇವಿ. ನನಗ ಒಮ್ಮೆಲೆ ಲೋಣಾವಳಾ ನೆನಪಾತು.

ಕ್ಯಾಬಿನ ಹುಡುಗನ ಕರೆದು ಬಾಜೂ ಕುಂದರಿಸಿಕೊಂಡು, ಎಸಿ ಹಚ್ಚಿ, ಕಾತ್ರಜ್ ಹಳೇ ಘಾಟ್ ಮ್ಯಾಲ ಸುರಂಗದ ತನಕ ಸೆಕೆಂಡ್ ಗಿಯರಿನಾಗ ಎಳಕೊಂಡು ಹೋದೆ. ಮ್ಯಾಲ ಹೋಗಿ ನಿಲ್ಲಿಸಿದ್ರ ಗಾಡಿ ಜ್ವರ ಬಂದಂಗ ನಡಗ್ತೈತಿ! "ಇದ ಅಣ್ಣಾ, ಇದ" ಅಂತ ಅವ ನನಗಿಂತ ಖುಷಿ ಆದ. ಸಾಮಾನು ಡಿಕ್ಕಿಯೊಳಗ ಇತ್ತು, ರೋಡಿನ ಬಾಜೂಕ್ಕ ನಿಂತು ಕೈ ಸುಟ್ಟುಕೊಂಡು ಪ್ಲಗ್ ಬಿಚ್ಚಿ ಕಂಪ್ರೆಷನ್ ಅಳೆದ್ರ ಮೂರನೇದ್ರಾಗ 110. ಒಂದು ಚಮಚ ಎಣ್ಣಿ ಹಾಕಿ ಹೊಳ್ಳಿ ಅಳೆದೆ, ಏರಲಿಲ್ಲ. ಪಿಸ್ಟನ್ ರಿಂಗ್ ಹೋಗಿದ್ರ ಎಣ್ಣಿ ಆ ಸಂದು ಮುಚ್ಚಿ ಏರ್ತಿತ್ತು, ಏರಲಿಲ್ಲ ಅಂದ್ರ ವಾಲ್ವ್. ಗ್ಯಾರೇಜಿಗೆ ಬಂದು ಬಿಸಿ ಇದ್ದಾಗ್ಲೇ ಆ ಸಿಲಿಂಡರಿಗೆ ಗಾಳಿ ಕೊಟ್ಟೆ, ಸೈಲೆನ್ಸರ್ ಬಾಯಾಗ ಸಣ್ಣಗೆ ಸುಸ್ ಅಂತ ಬಂತು. ಎಕ್ಸಾಸ್ಟ್ ವಾಲ್ವ್, ಸುಟ್ಟ ಹೊಗಿ ಹೊರಗ ಬಿಡೂ ಬಾಗಿಲ.

ಆಗಿದ್ದು ಇಷ್ಟು. ಗ್ಯಾಸು ಒಣ ಇಂಧನ, ಹಂಗಾಗಿ ಗ್ಯಾಸಿಗಂತ ಮಾಡಿರದ ಇಂಜಿನ್ನಿನ್ಯಾಗ ವಾಲ್ವ್ ಕುಂದರೂ ಸೀಟು ಬೇಗ ಸವೀತೈತಿ. ಸೀಟು ಸವೆದಷ್ಟು ವಾಲ್ವ್ ಮ್ಯಾಲ ಸರದು ಟ್ಯಾಪೆಟ್ ಕಡೆ ಬರ್ತೈತಿ, ನಡುವಿನ ಸಂದು ಕಡಿಮಿ ಆಗ್ತಾ ಹೋಗ್ತೈತಿ, ಸಂದು ಕಡಿಮಿ ಆದಂಗ ಟಿಕ್ ಟಿಕ್ ಸದ್ದೂ ನಿಲ್ತೈತಿ. ಘಾಟ್ ಹತ್ತಿ ವಾಲ್ವ್ ಕಾದು ಉದ್ದ ಆದಾಗ ಸಂದು ಉಳಿಯೂದ ಇಲ್ಲ, ವಾಲ್ವ್ ಪೂರ್ತಿ ಮುಚ್ಚಂಗಿಲ್ಲ. ರೇಸ್ ಕೊಟ್ಟಾಗ ಸೋರಾಕ ಟೈಮ್ ಸಿಗಂಗಿಲ್ಲ, ಓಡೂ ಮುಂದ ಗೊತ್ತಾಗಂಗಿಲ್ಲ, ನಿಂತಾಗ ಸೋರತೈತಿ. ಒಂದು ಚಾ ಕುಡಿಯೂದ್ರಾಗ ವಾಲ್ವ್ ತಣ್ಣಗಾಗಿ ಮತ್ತ ಮುಚ್ಚಿಕೊಳ್ತೈತಿ. ಅವ ಮೊದಲನೇ ದಿನ ಹೇಳಿದ್ದ ಮಾತಿನ್ಯಾಗ ಇದೆಲ್ಲಾ ಇತ್ತು.

ಮರುದಿನ ಮುಂಜಾನೆ ತಣ್ಣಗಿದ್ದಾಗ ವಾಲ್ವ್ ಕವರ್ ತಗದು ಸಂದು ಅಳಿಯೂ ಫೀಲರ್ ಗೇಜ್ ಹಾಕಿದೆ. ಆ ಇಂಜಿನ್ನಿಗೆ ಎಕ್ಸಾಸ್ಟ್ ಕಡೆ 0.30 ಮಿಲಿಮೀಟರ್ ಹತ್ರ ಇರಬೇಕು, ಮೂರನೇದ್ರಾಗ 0.05ರ ಪಟ್ಟಿನೂ ಒಳಗ ಹೋಗಲಿಲ್ಲ, ಉಳಿದ ಮೂರರಾಗೂ ಕಡಿಮಿನ ಇತ್ತು. ಸ್ಕ್ರೂ ತಿರುವಿ ಸರಿ ಮಾಡೂ ಟ್ಯಾಪೆಟ್ ಅಲ್ಲ, ಲೆಕ್ಕಾ ಹಾಕಿ ತೆಳ್ಳನ್ನ ಬಕೆಟ್ (ಬಟ್ಟಲದಂಥ ಟ್ಯಾಪೆಟ್) ತರಿಸಬೇಕು, ಅದಕ್ಕ ಎರಡು ದಿನ ಹಿಡೀತು. ಪುಣ್ಯಕ್ಕ ವಾಲ್ವ್ ಇನ್ನಾ ಸುಟ್ಟಿರಲಿಲ್ಲ. ಇನ್ನೊಂದು ತಿಂಗಳು ಹಂಗ ಓಡಿಸಿದ್ರ ಹೆಡ್ ಇಳಿಸಬೇಕಾಗ್ತಿತ್ತು, ಆವಾಗ ಅವ ನನ್ನ ಗ್ಯಾರೇಜ್ ಕಡೆ ತಿರುಗಿ ನೋಡ್ತಿದ್ದಿಲ್ಲ. ಬಕೆಟ್ ಹಾಕಿ ಮತ್ತ ಅದ ಘಾಟ್ ಹತ್ತಿ, ಅಲ್ಲೇ ನಿಂತು ಅಳೆದೆ. 160 ಬಂತು.

ಕಾಯಿಲ್ ರೊಕ್ಕಾ ಹೊಳ್ಳಿ ಕೊಟ್ಟೆ, ಪ್ಲಗ್ಗಿಂದು ಕೊಡಲಿಲ್ಲ, ಅವು ಖರೇನ ಸವೆದಿದ್ವು. ಅವ ಬ್ಯಾಡ ಅಂದ, ನಾ ಬಿಡಲಿಲ್ಲ. ಈಗ ಯಾರರ ಒಮ್ಮೊಮ್ಮೆ ನಡಗ್ತೈತಿ ಅಂತ ಬಂದ್ರ ಬಾನೆಟ್ ಎತ್ತೂಕಿಂತ ಮೊದಲು ಕೇಳ್ತೀನಿ, ಬಿಸಿ ಇದ್ದಾಗೋ ತಣ್ಣಗಿದ್ದಾಗೋ, ಏರು ಹತ್ತಿದ ಮ್ಯಾಲೋ, ಮಳ್ಯಾಗೋ, ಗ್ಯಾಸಿನ್ಯಾಗೋ ಪೆಟ್ರೋಲಿನ್ಯಾಗೋ. ಹೇಳಿದ್ದನ್ನ ಜಾಬ್ ಕಾರ್ಡ್ ಮ್ಯಾಲ ಅವರ ಮಾತಿನ್ಯಾಗ ಬರೀತೀನಿ. ಮಳ್ಯಾಗ ಅಷ್ಟ ಅಂದ್ರ ಕಾಯಿಲ್ ರಬ್ಬರು, ಕನೆಕ್ಟರು, ಅರ್ಥಿಂಗ್ ವೈರು ನೋಡ್ತೀನಿ, ಆ ದಾರೀನ ಬ್ಯಾರೆ.

ಒಂದು ವಾರಕ್ಕ ಆ ಹುಡುಗನ ಫೋನ್ ಬಂತು, ದನಿಯೊಳಗ ಗಾಬರಿ. "ಅಣ್ಣಾ, ನಡುಗೂದೇನೋ ಹೋತು, ಆದ್ರ ಈಗ ಮುಂದ ಟಿಕ್ ಟಿಕ್ ಅಂತ ಸದ್ದು ಬರಾಕತ್ತೈತಿ, ಮೊದಲ ಇರಲಿಲ್ಲಲ್ಲ, ಏನರ ಬಿಚ್ಚಿದ್ದು ಹಾಕೂದು ಮರತ್ರೇನು?"

"ಅದು ಇರಲಿ ಬಿಡು, ಅದು ನಿಂತ ದಿನ ಗಾಡಿ ತಗೊಂಡು ಬಾ" ಅಂದೆ.