ಪೆಟಿಷನರ್ ಬೈಕಲ್ಲಿ ಬಂದಿದ್ದ

ನಮ್ಮ ವಕೀಲರ ಆಫೀಸಿನ ಕಂಪ್ಯೂಟರ್‌ನಲ್ಲಿ ಒಂದು ಚೀಫ್ ಅಫಿಡವಿಟ್ ಇದೆ, ಅಂದರೆ ಸಾಕ್ಷಿಯ ಮುಖ್ಯ ಹೇಳಿಕೆಯ ಪ್ರಮಾಣಪತ್ರ. ಎಂವಿಸಿ (ರಸ್ತೆ ಅಪಘಾತದ ಪರಿಹಾರದ) ಕೇಸು ಯಾವುದೇ ಬರಲಿ, ಹೆಸರು, ವಯಸ್ಸು, ಗಾಡಿ ನಂಬರ್ ಬದಲಿಸಿದರೆ ಮುಗಿಯಿತು. 'ನನಗೆ ಕೂರಲು, ನಿಲ್ಲಲು, ನಡೆದಾಡಲು, ಯಾವುದೇ ವಾಹನದಲ್ಲಿ ಪ್ರಯಾಣಿಸಲು ಸಾಧ್ಯವಾಗುತ್ತಿಲ್ಲ' ಅನ್ನೋ ಸಾಲು ಮಾತ್ರ ಹಾಗೇ ಇರುತ್ತದೆ. ಕೈ ಮುರಿದವರಿಗೂ ಅದೇ, ಕಾಲು ಮುರಿದವರಿಗೂ ಅದೇ. ತೆಗೆಯೋಣ ಅಂದರೆ ಸೀನಿಯರ್ ಒಪ್ಪಲ್ಲ. 'ಇಷ್ಟು ವರ್ಷ ನಡ್ಕೊಂಡು ಬಂದಿದೆ, ಬಿಡು' ಅಂತಾರೆ.

ಈ ಸಲದ ಪೆಟಿಷನರ್ (ಅರ್ಜಿದಾರ) ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲಿ. ವಯಸ್ಸು 38. ಟ್ರ್ಯಾಕ್ಟರ್ ಗುದ್ದಿ ಬಲ ಮೊಣಕಾಲಿನ ಕೆಳಗೆ ಎರಡೂ ಎಲುಬು ಮುರಿದಿದ್ದವು. ಒಳಗೆ ಪ್ಲೇಟ್ ಇದೆ. ಮಹಜರು, ಐಎಂವಿ (ಗಾಡಿ ತಪಾಸಣೆಯ) ರಿಪೋರ್ಟ್, ಚಾರ್ಜ್‌ಶೀಟ್ ಎಲ್ಲ ನಮ್ಮ ಕಡೆಗೇ ಇದ್ದವು. ಡಾಕ್ಟರ್ ಕಾಲಿಗೆ 45% ಡಿಸೆಬಿಲಿಟಿ ಬರೆದುಕೊಟ್ಟಿದ್ದರು. ಇನ್ನೇನು ಬೇಕು ಅಂದುಕೊಂಡಿದ್ದೆ.

ಚೀಫ್ ಮುಗಿಸಿ ಸೀನಿಯರ್ ಪಕ್ಕದ ಕೋರ್ಟಿಗೆ ಹೋದರು. ಇನ್ಶೂರೆನ್ಸ್ ಕಡೆಯ ವಕೀಲರು ಎದ್ದರು. ಫೈಲ್ ಕೂಡ ತೆರೆಯಲಿಲ್ಲ. ಊರಲ್ಲಿ ಮಳೆ ಹೇಗಿದೆ ಅಂತ ಕೇಳೋ ಧಾಟಿಯಲ್ಲಿ ಶುರು ಮಾಡಿದರು.

'ಇವತ್ತ ಊರಿಂದ ಹ್ಯಾಂಗ ಬಂದ್ರಿ?'

'ಬೈಕ್ ಮ್ಯಾಲ ಬಂದೀನ್ರೀ ಸರ್.'

ಸ್ಟೆನೊ ಕೀಬೋರ್ಡ್ ಟಕಟಕ ಅಂದಿತು. 'ನಾನು ಈ ದಿನ ಬೈಕಿನಲ್ಲಿ ನ್ಯಾಯಾಲಯಕ್ಕೆ ಬಂದಿದ್ದೇನೆ ಎಂದರೆ ಸರಿ.' ಕೋರ್ಟ್ ಹಾಲ್ ಇರುವುದು ಮೇಲಿನ ಮಹಡಿಯಲ್ಲಿ. ಮೆಟ್ಟಿಲು ನೀವೇ ಹತ್ತಿದ್ರಾ ಅಂತ ಮುಂದಿನ ಪ್ರಶ್ನೆ. 'ಹೌದ್ರೀ, ಕಂಬಿ ಹಿಡಕೊಂಡು ಹತ್ತಿದೆ.' ದಾಖಲೆಗೆ ಹೋಗಿದ್ದು ಮೆಟ್ಟಿಲು ಮಾತ್ರ, ಕಂಬಿ ಹೋಗಲಿಲ್ಲ. ಎದ್ದು ಹೇಳಬೇಕಿತ್ತು. ನಾನು ಏಳೋದರೊಳಗೆ ಅವರು ನಮ್ಮ ಅಫಿಡವಿಟ್ ಕೈಗೆತ್ತಿಕೊಂಡು ಆ ಸಾಲನ್ನು ನಿಧಾನಕ್ಕೆ ಓದಿದರು. 'ಇದು ನೀವು ಪ್ರಮಾಣ ಮಾಡಿ ಹೇಳಿದ್ದಲ್ವಾ?'

ನಮ್ಮ ಹಮಾಲಿ ನನ್ನತ್ತ ಕೈ ತೋರಿಸಿದ. 'ಅದನ್ನ ಅವ್ರು ಬರದಾರ್ರೀ.'

ಇಡೀ ಹಾಲ್ ನಕ್ಕಿತು. ಬೆಂಚ್ ಕ್ಲರ್ಕ್ ಕೂಡ. ಜಡ್ಜ್ ಸಾಹೇಬರು ನಗಲಿಲ್ಲ. ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದರು, ಅದು ನಗುವಿಗಿಂತ ಜಾಸ್ತಿ ಚುಚ್ಚಿತು. ರೀ-ಎಕ್ಸಾಮಿನೇಷನ್‌ಗೆ (ನಮ್ಮ ಸಾಕ್ಷಿಯನ್ನು ನಾವೇ ಮತ್ತೆ ಪ್ರಶ್ನಿಸಲು) ಅನುಮತಿ ಕೇಳಿ, ಬೈಕ್ ಓಡಿಸಿದ್ದು ಯಾರು ಅಂತ ಕೇಳಿದೆ. 'ನಮ್ಮ ತಮ್ಮ ಹೊಡಕೊಂಡು ಬಂದಾನ್ರೀ. ನಾ ಹಿಂದ ಕುಂತಿದ್ದೆ.' ಅಷ್ಟಾದರೂ ದಾಖಲಾಯಿತು.

ಸತ್ಯ ಏನೆಂದರೆ ಆ ಮನುಷ್ಯ ಕೂರುತ್ತಾನೆ, ನಡೆಯುತ್ತಾನೆ, ಬಸ್ಸು ಬೈಕು ಹತ್ತುತ್ತಾನೆ. ಆಗದೇ ಇರೋದು ಒಂದೇ: ಚೀಲ ಬೆನ್ನಿಗೆ ಹಾಕಿಕೊಂಡು ಹಲಗೆ ಮೇಲೆ ನಡೆದು ಲಾರಿ ಏರುವುದು. ಅವನ ಹೊಟ್ಟೆ ತುಂಬುತ್ತಿದ್ದದ್ದೇ ಅದರಿಂದ. ನಮ್ಮ ಅಫಿಡವಿಟ್‌ನಲ್ಲಿ ಚೀಲವೂ ಇಲ್ಲ, ಹಲಗೆಯೂ ಇಲ್ಲ.

ಡಾಕ್ಟರ್ ಕೊಟ್ಟ 45 ನೋಡಿ ಕ್ಲೈಂಟ್‌ಗಳು ಖುಷಿಪಡುತ್ತಾರೆ. ಅದು ಕಾಲಿನ ಲೆಕ್ಕ. ನಮ್ಮ ಕಡೆ ರೂಢಿಯಂತೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 15%. ತಿಂಗಳಿಗೆ 15,000 ಆದಾಯ, 38ರ ವಯಸ್ಸಿಗೆ ಮಲ್ಟಿಪ್ಲೈಯರ್ (ವರ್ಷದ ಆದಾಯವನ್ನು ಗುಣಿಸುವ ಅಂಕಿ) 15 ಹಿಡಿದರೆ ದುಡಿಮೆ ನಷ್ಟ 4,05,000 ರೂಪಾಯಿ. ಆದರೆ ರಾಜ್‌ಕುಮಾರ್ ವರ್ಸಸ್ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ನೋಡಬೇಕಾದ್ದು ದೇಹದ ಪರ್ಸೆಂಟ್ ಅಲ್ಲ, ಆ ಗಾಯದಿಂದ ಆ ವ್ಯಕ್ತಿಯ ದುಡಿಮೆ ಎಷ್ಟು ಹೋಯಿತು ಅನ್ನೋದು. ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು, ಡ್ರೈವರ್‌ಗೋ ಬಡಗಿಗೋ ಹೆಚ್ಚುಕಡಿಮೆ ಪೂರ್ತಿ ಹೋದ ಹಾಗೆ. ಈ ಜಡ್ಜ್‌ಮೆಂಟ್ ನಾವು ಪ್ರತಿ ಆರ್ಗ್ಯುಮೆಂಟ್‌ನಲ್ಲೂ ಕೊಡ್ತೀವಿ. ಅದಕ್ಕೆ ಬೇಕಾದ ಸಾಕ್ಷಿ ಕೊಡೋದು ಮರೀತೀವಿ.

ಸಂಜೆ ಸೀನಿಯರ್ ಹತ್ತಿರ ಜಗಳವನ್ನೇ ಆಡಿದೆ. ಕೊನೆಗೆ ಒಪ್ಪಿದರು. ದಲಾಲಿ ಅಂಗಡಿಯ ಗುಮಾಸ್ತರನ್ನು ಪಿಡಬ್ಲ್ಯೂ-3 (ಅರ್ಜಿದಾರರ ಕಡೆಯ ಮೂರನೇ ಸಾಕ್ಷಿ) ಮಾಡಿದೆವು. ಎಪಿಎಂಸಿ ಹಮಾಲಿ ಲೈಸೆನ್ಸನ್ನು ದಾಖಲೆಯಾಗಿ ಮಾರ್ಕ್ ಮಾಡಿಸಿದೆವು. ಆಕ್ಸಿಡೆಂಟ್ ಆದಮೇಲೆ ಇವನಿಗೆ ಏನು ಕೆಲಸ ಕೊಟ್ಟಿದ್ದೀರಿ ಅಂತ ಎದುರು ವಕೀಲರು ಕ್ರಾಸ್‌ನಲ್ಲಿ (ಪಾಟೀಸವಾಲಿನಲ್ಲಿ) ಕೇಳಿದಾಗ ಗುಮಾಸ್ತರು, 'ಚೀಲದ ಬಾಯಿ ಹೊಲಿಯೋದು ಕೊಟ್ಟೀವ್ರೀ, ಅದ್ರಾಗ ಮೊದಲಿನ ಅರ್ಧಾನೂ ಹುಟ್ಟೂದಿಲ್ಲ' ಅಂದರು. ಆ ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ನಾನೇ ಚಹಾ ಕೊಡಿಸಬೇಕಿತ್ತು.

ಟ್ರಿಬ್ಯೂನಲ್ (ಈ ಕೇಸು ನಡೆಸಿದ ಕೋರ್ಟು) ದುಡಿಮೆ ನಷ್ಟ 25% ಹಿಡಿಯಿತು. ಆ ಹೆಡ್ (ಬಾಬ್ತು) ಒಂದರಲ್ಲೇ 6,75,000. ಅಫಿಡವಿಟ್ ನೆಟ್ಟಗಿದ್ದಿದ್ದರೆ ಇನ್ನೂ ಮೇಲೆ ಹೋಗುತ್ತಿತ್ತು ಅಂತ ನನ್ನ ಅನಿಸಿಕೆ. ಸೀನಿಯರ್ ಒಪ್ಪಲ್ಲ.

ಇನ್ಶೂರೆನ್ಸ್ ಕಂಪನಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಅಪೀಲ್ ಹೋಗಿದೆ. ಮೊನ್ನೆ ಕಾಪಿ ಬಂತು. ಮೊದಲನೇ ಗ್ರೌಂಡ್ (ಅಪೀಲಿನ ಕಾರಣ): ಅರ್ಜಿದಾರ ಬೈಕಿನಲ್ಲಿ ನ್ಯಾಯಾಲಯಕ್ಕೆ ಬಂದಿರುವುದಾಗಿ ಒಪ್ಪಿಕೊಂಡಿದ್ದಾನೆ. ತಮ್ಮನ ಸುದ್ದಿಯೇ ಇಲ್ಲ.